ಎಐಗೆ ಪೇಸ್ಟ್ ಮಾಡುವ ಮುಂಚೆ ಆಫೀಸ್ ಪಾಲಿಸಿ ಓದುವುದು ಹೇಗೆ?

ನಮ್ಮ ಆಫೀಸಿನ ಎಐ ಪಾಲಿಸಿ ಹನ್ನೊಂದು ಪುಟ. ಮೊದಲು ಅನುಮತಿ ಇರುವ ಟೂಲ್‌ಗಳ ಪಟ್ಟಿ ಹುಡುಕಿ. ನಮ್ಮಲ್ಲಿ ಮೈಕ್ರೋಸಾಫ್ಟ್‌ನ ಎಐ ಟೂಲ್ ಕೋಪೈಲಟ್ ಓಕೆ, ಅದೂ ಕಂಪನಿ ಲಾಗಿನ್‌ನಲ್ಲಿ ಮಾತ್ರ. ಸ್ವಂತ ಜಿಮೇಲ್‌ನಿಂದ ತೆರೆದ ಚಾಟ್‌ಜಿಪಿಟಿ ಬೇರೆ ಲೆಕ್ಕ.

ಯಾವ ಮಾಹಿತಿ ಹಾಕಬಹುದು, ಯಾವುದು ಬೇಡ ಅನ್ನುವ ಡೇಟಾ ಭಾಗವನ್ನಂತೂ ನಿಧಾನವಾಗಿ ಓದಿ. ನಾನೊಮ್ಮೆ ಗ್ರಾಹಕರೊಬ್ಬರ ದೂರಿನ ಮೇಲ್ ಅನ್ನು ಸುಮ್ನೆ ಉತ್ತರ ಬರೆಸಲು ಪೇಸ್ಟ್ ಮಾಡಿದ್ದೆ. ಕೆಳಗೆ ಅವರ ಮೊಬೈಲ್ ನಂಬರ್ ಇತ್ತು! ಮ್ಯಾನೇಜರ್ ಮುಂದೆ ಅರ್ಧ ಗಂಟೆ ತಲೆ ತಗ್ಗಿಸಿ ಕೂತೆ. ಈಗ ಹೆಸರಿನ ಜಾಗದಲ್ಲಿ 'ಗ್ರಾಹಕ ಎ' ಅಂತ ಹಾಕಿ, ನಂಬರ್ ಅಳಿಸಿಯೇ ಮುಂದಿನ ಕೆಲಸ.

ಇಷ್ಟೊಂದು ಎಚ್ಚರಿಕೆ ಜಾಸ್ತಿ ಆಯ್ತು ಅನ್ನಿಸುತ್ತದೆ, ಅಲ್ವಾ? 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, ಅಲ್ಲಿ ಇಂಥ ಟೂಲ್‌ಗಳಿಗೇ ನಿಷೇಧ ಬಿತ್ತು.

ಪಟ್ಟಿಯಲ್ಲಿಲ್ಲದ ಟೂಲ್ ಬೇಕಾ? ಐಟಿ ವಿಭಾಗಕ್ಕೆ ಮೇಲ್ ಹಾಕಿ, ಉತ್ತರ ಬರಹದಲ್ಲೇ ತೊಗೊಳ್ಳಿ. ಕಾಫಿ ಮಷಿನ್ ಹತ್ತಿರ ಸಿಕ್ಕ 'ಪರವಾಗಿಲ್ಲ, ಮಾಡಿ'ಯನ್ನು ನಾನಂತೂ ಲೆಕ್ಕಕ್ಕೆ ಇಡುವುದಿಲ್ಲ.