ಒಂದೇ ಕಥೆ, ಎರಡು ದೇಶ: ಡೆನ್ಮಾರ್ಕ್ ಮತ್ತು ಅಮೆರಿಕದ ಧಾರಾವಾಹಿಗಳನ್ನು ಹೋಲಿಸುವ ಬಗೆ

ಮಾಧ್ಯಮ ಅಧ್ಯಯನಕ್ಕಾಗಿ ಅಮೆರಿಕದ ಮತ್ತು ಡೆನ್ಮಾರ್ಕಿನ ದೀರ್ಘ ಧಾರಾವಾಹಿಗಳನ್ನು ಹೋಲಿಸಿ ಪ್ರಬಂಧ ಬರೆಯುವವರು ಎರಡು ನಿರ್ದಿಷ್ಟ ಕೃತಿಗಳಿಂದ ಹೊರಡುವುದು ಒಳ್ಳೆಯದು. ಏಕೆಂದರೆ ‘ಅಮೆರಿಕನ್ ಧಾರಾವಾಹಿ’ ಎಂಬ ಒಂದೇ ಜಾತಿ ಇಲ್ಲ. ಜಾಹೀರಾತಿನಿಂದ ನಡೆಯುವ ಎನ್‌ಬಿಸಿ ವರ್ಷಕ್ಕೆ ಸುಮಾರು 22 ಕಂತುಗಳಂತೆ ಕೊಟ್ಟ ‘ದಿ ವೆಸ್ಟ್ ವಿಂಗ್’ ಬೇರೆ, ಚಂದಾದಾರರ ಹಣದಲ್ಲಿ ನಡೆಯುವ ಎಚ್‌ಬಿಒದ ಕೃತಿಗಳು ಬೇರೆ. ನನ್ನ ಮಟ್ಟಿಗೆ ಅತ್ಯಂತ ಫಲ ಕೊಡುವ ಜೋಡಿಯೆಂದರೆ, ಸೋರೆನ್ ಸ್ವೈಸ್ಟ್ರಪ್ ರೂಪಿಸಿ ಡೆನ್ಮಾರ್ಕಿನ ಡಿಆರ್ 2007ರಲ್ಲಿ ಪ್ರಸಾರ ಮಾಡಿದ ಕೊಲೆ ತನಿಖೆಯ ಸರಣಿ ‘ಫೋರ್ಬ್ರೂಡೆಲ್ಸೆನ್’ ಮತ್ತು ಅದನ್ನು ಆಧರಿಸಿ ವೀಣಾ ಸೂದ್ ಎಎಂಸಿ ವಾಹಿನಿಗಾಗಿ 2011ರಲ್ಲಿ ರೂಪಿಸಿದ ‘ದಿ ಕಿಲ್ಲಿಂಗ್’. ಕಥೆಯ ಬೀಜ ಒಂದೇ ಆಗಿರುವುದರಿಂದ ಬದಲಾದದ್ದೆಲ್ಲ ಕಣ್ಣಿಗೆ ಬೀಳುತ್ತದೆ.

ಮೊದಲು ಹಣದ ದಾರಿಯನ್ನು ಬರೆದುಕೊಳ್ಳಿ. ಡಿಆರ್ ಸಾರ್ವಜನಿಕ ಪ್ರಸಾರ ಸಂಸ್ಥೆ. ಆಗ ಅದು ಮನೆಮನೆಯಿಂದ ಬರುವ ಪರವಾನಗಿ ಶುಲ್ಕದಲ್ಲಿ, ಜಾಹೀರಾತಿಲ್ಲದೆ ನಡೆಯುತ್ತಿತ್ತು. ಎಎಂಸಿ ಜಾಹೀರಾತು ತೋರಿಸುವ ಕೇಬಲ್ ವಾಹಿನಿ. ಇದರ ಪರಿಣಾಮವನ್ನು ಕಾಣಲು ಎರಡರ ಮೊದಲ ಕಂತನ್ನೂ ಗಡಿಯಾರ ಮುಂದಿಟ್ಟುಕೊಂಡು ನೋಡಿ, ಪ್ರತಿ ದೃಶ್ಯ ಯಾವ ನಿಮಿಷಕ್ಕೆ ಶುರುವಾಯಿತು, ಕಥೆಯ ಯಾವ ಎಳೆಗೆ ಸೇರಿದೆ, ಮಾತಿನಲ್ಲಿ ಮುಗಿಯಿತೋ ಮೌನದಲ್ಲೋ ಎಂದು ಗುರುತು ಹಾಕಿ. ಅಮೆರಿಕನ್ ಕಂತಿನಲ್ಲಿ ತೆರೆ ಕಪ್ಪಾಗುವ ಜಾಗಗಳು ಜಾಹೀರಾತು ಬರುತ್ತಿದ್ದ ಜಾಗಗಳು. ಅವುಗಳ ಮುಂಚಿನ ದೃಶ್ಯ ಹೇಗೆ ಬಿಗಿಯಾಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ.

ಕಥೆಯಲ್ಲಿ ಮೂರು ಎಳೆಗಳಿವೆ: ಪೊಲೀಸ್ ತನಿಖೆ, ಕೊಲೆಯಾದ ಹುಡುಗಿಯ ಮನೆ, ನಗರದ ಮೇಯರ್ ಚುನಾವಣೆ. ತಂದೆತಾಯಿಯ ದುಃಖಕ್ಕೆ ಎಷ್ಟು ನಿಮಿಷ ಸಿಕ್ಕಿತು ಎಂದು ಕೂಡಿಸಿ ನೋಡಿದರೆ ಪ್ರಬಂಧಕ್ಕೆ ಗಟ್ಟಿಯಾದ ಆಧಾರ ಸಿಗುತ್ತದೆ. ರೋಚಕ ಕಥೆಯ ಒಳಗೆ ಸಾಮಾಜಿಕ, ನೈತಿಕ ಪ್ರಶ್ನೆಯ ಇನ್ನೊಂದು ಪದರ ಇರಲೇಬೇಕು ಎಂಬುದು ಡಿಆರ್‌ನ ಧಾರಾವಾಹಿ ವಿಭಾಗ ತನಗೆ ತಾನೇ ಹಾಕಿಕೊಂಡ ನಿಯಮವಾಗಿತ್ತು. ಆ ಪದರ ಅಮೆರಿಕನ್ ಸರಣಿಯ ಕಥೆ ನಡೆಯುವ ಸಿಯಾಟಲ್ ನಗರಕ್ಕೆ ಬಂದಾಗ ಏನಾಯಿತು ಎಂಬುದೇ ಹೋಲಿಕೆಯ ತಿರುಳು. ಉದಾಹರಣೆಗೆ, ಡ್ಯಾನಿಶ್ ಕಥೆ ನಡೆಯುವ ಕೋಪನ್‌ಹೇಗನ್‌ನಲ್ಲಿ ಮೇಯರನ್ನು ನಗರಸಭೆಯ ಸದಸ್ಯರು ಆರಿಸುತ್ತಾರೆ. ಅಭ್ಯರ್ಥಿಯ ಮೇಲೆ ಅನುಮಾನ ಬಿದ್ದೊಡನೆ ಮೈತ್ರಿ ಪಕ್ಷಗಳು ಅಲುಗಾಡುತ್ತವೆ. ಸಿಯಾಟಲ್‌ನಲ್ಲಿ ಮತದಾರರು ನೇರವಾಗಿ ಆರಿಸುವುದರಿಂದ ಅದೇ ಅನುಮಾನ ಬೇರೆ ಬಗೆಯ ದೃಶ್ಯಗಳನ್ನು ಬೇಡುತ್ತದೆ. ಪಾಲಿಕೆ ಸದಸ್ಯರೇ ಮೇಯರನ್ನು ಆರಿಸುವುದನ್ನು ಕಂಡಿರುವ ಕನ್ನಡ ವಿದ್ಯಾರ್ಥಿಗೆ ಈ ವಿಷಯದಲ್ಲಿ ಡ್ಯಾನಿಶ್ ಕಥೆಯೇ ಹತ್ತಿರವೆನಿಸಬಹುದು.

ಡ್ಯಾನಿಶ್ ಸರಣಿ 20 ಕಂತುಗಳಲ್ಲಿ ಕೊಲೆಗಾರನನ್ನು ತೋರಿಸಿತು. ಅಮೆರಿಕನ್ ಸರಣಿ ಮೊದಲ ಸೀಸನ್ನಿನ 13 ಕಂತು ಮುಗಿದರೂ ಉತ್ತರ ಕೊಡದೆ ಪ್ರೇಕ್ಷಕರ ಸಿಟ್ಟಿಗೆ ಗುರಿಯಾಗಿ, 2012ರಲ್ಲಿ ಎರಡನೆಯ ಸೀಸನ್ನಿನ ಕೊನೆಯಲ್ಲಿ ಬೇರೆಯೇ ಅಪರಾಧಿಗಳನ್ನು ತೋರಿಸಿತು. ಇದರಿಂದ ‘ಅಮೆರಿಕದವರು ಎಳೆಯುತ್ತಾರೆ’ ಎಂದು ತೀರ್ಮಾನಿಸುವ ಮುನ್ನ ನಿಲ್ಲಿ: ಡಿಆರ್ ಕೂಡ ಆ 20 ಕಂತುಗಳನ್ನು ವರ್ಷದ ಆರಂಭದಲ್ಲಿ ಹತ್ತು, ಶರತ್ಕಾಲದಲ್ಲಿ ಹತ್ತು ಎಂದು ಒಡೆದು, ನಡುವೆ ನೋಡುಗರನ್ನು ತಿಂಗಳುಗಟ್ಟಲೆ ಕಾಯಿಸಿತ್ತು.

ಪ್ರಭಾವ ಒಂದೇ ದಿಕ್ಕಿಗೆ ಹರಿಯಿತೆಂದೂ ಬರೆಯಬೇಡಿ. 1990ರ ದಶಕದಲ್ಲಿ ಡಿಆರ್‌ನವರು ಅಮೆರಿಕದಲ್ಲಿ ಧಾರಾವಾಹಿ ಬರೆಯುವ ಪದ್ಧತಿಯನ್ನು ಕಂಡು ಕಲಿತು ಬಂದರು. ಬರಹಗಾರನ ಕಾಣ್ಕೆಯೇ ಇಡೀ ಕೃತಿಯನ್ನು ನಡೆಸಬೇಕೆಂಬ ಅವರ ‘ಒಂದೇ ಕಾಣ್ಕೆ’ಯ ತತ್ವದ ಹಿಂದೆ ಆ ಕಲಿಕೆಯೂ ಇದೆ.

ಸಬ್‌ಟೈಟಲ್ ನೆಚ್ಚಿ ನೋಡುವ ನಮಗೆ ಒಂದು ಎಚ್ಚರಿಕೆ ಅಗತ್ಯ. ಇಂದಿನ ಡ್ಯಾನಿಶ್ ಮಾತಿನಲ್ಲಿ ಮೇಲಧಿಕಾರಿಯನ್ನೂ ಸಾಮಾನ್ಯವಾಗಿ ‘ದು’ ಎಂಬ ಏಕವಚನದಲ್ಲೇ ಕರೆಯುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಓದುವ ಕನ್ನಡ ಮನಸ್ಸು ಅಲ್ಲಿ ತಾನಾಗಿ ಬಹುವಚನವನ್ನು ಕೇಳಿಸಿಕೊಂಡು, ಇಲ್ಲದ ಅಂತರವನ್ನು ಊಹಿಸಿಬಿಡುತ್ತದೆ. ಆದ್ದರಿಂದ ಡ್ಯಾನಿಶ್ ಸರಣಿಯ ತನಿಖಾಧಿಕಾರಿ ಸಾರಾ ಲುಂಡ್ ಮೇಲಧಿಕಾರಿಯೊಡನೆ ಆಡುವ ಮಾತನ್ನು ವಿಶ್ಲೇಷಿಸುವಾಗ ಪದಗಳಿಗಿಂತ ಅವಳು ಎಲ್ಲಿ ನಿಂತಿದ್ದಾಳೆ, ಯಾವಾಗ ಉತ್ತರಿಸದೆ ಹೊರಟುಹೋಗುತ್ತಾಳೆ ಎಂಬುದನ್ನು ಆಧಾರವಾಗಿ ಹಿಡಿಯಿರಿ.