ನೋಟು ಕೊಟ್ಟೆ, ಓಟು ಇರಲಿಲ್ಲ

ನಮ್ಮದು ಸಾಗರದ ಕಡೆ. 1952ರ ಚುನಾವಣೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ‘ಒಂದು ಓಟು, ಒಂದು ನೋಟು’ ಕೇಳಿಕೊಂಡು ಬಂದಾಗ ಅಜ್ಜ ಎರಡನ್ನೂ ಕೊಟ್ಟಿದ್ದನಂತೆ. ಆ ಒಂದು ರೂಪಾಯಿಯ ಕಥೆ ಅಪ್ಪನ ಬಾಯಲ್ಲಿ ಇನ್ನೂ ಸವೆದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಅಭ್ಯರ್ಥಿಗೆ ಚುನಾವಣೆಯ ಹಣ ಕೂಡಿಸುವ ಫಂಡ್‌ರೈಸರ್‌ಗೆ ಹೊರಟಾಗ ನನಗೆ ಮೊದಲು ನೆನಪಾದದ್ದು ಅದೇ.

2024ರ ಫೆಬ್ರವರಿ. ಮಾರ್ಚ್ 5ಕ್ಕೆ ಪ್ರೈಮರಿ, ಅಂದರೆ ನವೆಂಬರಿನ ಚುನಾವಣೆಗೆ ಯಾರು ನಿಲ್ಲಬೇಕೆಂದು ಆರಿಸುವ ಮೊದಲ ಸುತ್ತು. ಆಕೆ ಸಂಸತ್ತಿನ ಕೆಳಮನೆಗೆ ನಿಂತಿದ್ದರು. ಆಮಂತ್ರಣ ನೋಡಿದರೆ ದೇವಸ್ಥಾನದ ಸೇವಾ ಪಟ್ಟಿಯೇ: ಮೇಲುಗಡೆ ‘ಹೋಸ್ಟ್’ 3,300 ಡಾಲರ್, ಆಮೇಲೆ 1,000, 250, ತೀರಾ ತಳದಲ್ಲಿ 50. ಈ 3,300 ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಆ ಸಲ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದ ಗರಿಷ್ಠ ಮೊತ್ತ ಅಷ್ಟೇ. ಪ್ರೈಮರಿ ಒಂದು ಲೆಕ್ಕ, ನವೆಂಬರಿನದು ಇನ್ನೊಂದು. ನಾನು 50ರ ಗುಂಡಿ ಒತ್ತಿದೆ.

ಒತ್ತಿದ್ದೇ ಫಾರಂ ಬಂತು. ವಿಳಾಸ, ಉದ್ಯೋಗ, ಕಂಪನಿಯ ಹೆಸರು. ಒಬ್ಬರದು ಒಟ್ಟು 200 ಡಾಲರ್ ದಾಟಿದರೆ ಈ ವಿವರವೆಲ್ಲ ಚುನಾವಣಾ ಆಯೋಗದ ಜಾಲತಾಣದಲ್ಲಿ ಹೆಸರು ಸಮೇತ ಬರುತ್ತದೆ. ಮ್ಯಾನೇಜರ್ ಹುಡುಕಿದರೂ ಸಿಗುತ್ತದೆ, ಪಕ್ಕದ ಮನೆಯವರು ಹುಡುಕಿದರೂ ಸಿಗುತ್ತದೆ. ಕನ್ನಡ ಶಾಲೆಗೆ ಕೊಟ್ಟರೆ ತೆರಿಗೆ ವಿನಾಯಿತಿ ಉಂಟು, ಇಲ್ಲಿ ಅದೂ ಇಲ್ಲ. ಕೊನೆಗೆ ಒಂದು ಚೌಕ: ‘ನಾನು ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿ.’ ನನ್ನ ಹತ್ತಿರ ಇರುವುದು ಗ್ರೀನ್ ಕಾರ್ಡ್. ಗುರುತು ಹಾಕಿದೆ. ಹಾಕಿದ ಮೇಲೆ ಹೊಳೆಯಿತು: ಈ ದೇಶ ನನ್ನ ನೋಟು ತೆಗೆದುಕೊಳ್ಳುತ್ತದೆ, ಓಟು ಬೇಡ ಅನ್ನುತ್ತದೆ.

ಗೆಳೆಯನೊಬ್ಬ ಎಚ್‌-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿದ್ದಾನೆ. ಅವನಿಗೆ ನೋಟೂ ಇಲ್ಲ. “ಮಾರಾಯಾ, ನನ್ನ 50 ತಗಂಡು ನಿನ್ನ ಹೆಸರಲ್ಲೇ ಹಾಕು” ಅಂದ. ಅದು ಅಪರಾಧ, ಇನ್ನೊಬ್ಬರ ಹಣವನ್ನು ನಮ್ಮ ಹೆಸರಲ್ಲಿ ಕೊಡುವಂತಿಲ್ಲ. ಆದರೆ ಸಂಬಳವಿಲ್ಲದೆ ಸ್ವಯಂಸೇವಕನಾಗಿ ದುಡಿಯಲು ಅಡ್ಡಿಯಿಲ್ಲ. ಹಾಗಾಗಿ ಅವನು ಬಾಗಿಲ ಬಳಿ ಮೇಜು ಹಾಕಿಕೊಂಡು, ಬಂದವರ ಅಂಗಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸಕ್ಕೆ ನಿಂತ.

ಗುಡ್ಡದ ಮೇಲಿನ ಮನೆ, ಸುಮಾರು ನಲವತ್ತು ಜನ. ಬಾಗಿಲಲ್ಲೇ ಚಪ್ಪಲಿ ರಾಶಿ. ಅಭ್ಯರ್ಥಿಯೂ ಬೂಟು ಕಳಚಿ, ಹಸಿರು ಕಾಲುಚೀಲದಲ್ಲಿ ಒಳಗೆ ಬಂದರು. ಸಮೋಸ, ಮಾವಿನ ಲಸ್ಸಿ. ಮನೆಯವರು ತಮ್ಮದೇ ಮನೆಯಲ್ಲಿ ಹೀಗೆ ತಿಂಡಿಗೆ ಖರ್ಚು ಮಾಡಿದರೆ 1,000 ಡಾಲರ್ ತನಕ ಅದು ದೇಣಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಭಾಷಣ ಹತ್ತು ನಿಮಿಷ, ಹೇಳುವಂಥದ್ದೇನೂ ಇರಲಿಲ್ಲ. ಅದು ಮುಗಿದದ್ದೇ ಪ್ರಚಾರ ತಂಡದ ಹುಡುಗನೊಬ್ಬ ಎದ್ದು, “ಸಾವಿರ ಯಾರು? ಐನೂರು?” ಎಂದು ಶುರುಮಾಡಿದ. ನಮ್ಮೂರಲ್ಲಿ ಗಣಪತಿಯ ಮುಂದಿನ ಹಣ್ಣು-ಕಾಯಿ ಸವಾಲಿಗೆ ಇಟ್ಟ ಹಾಗೆಯೇ. ಕೈಗಳು ಏಳುತ್ತಿದ್ದಂತೆ ನಾನು ಗೋಡೆಯ ಮೇಲಿನ ಚಿತ್ರ ನೋಡತೊಡಗಿದೆ. ಮೊದಲೇ ಒಂದು ಮೊತ್ತ ನಿಶ್ಚಯಿಸಿಕೊಂಡು ಹೋಗದಿದ್ದರೆ ಆ ಬಿಸಿಯಲ್ಲಿ ನನ್ನ ಕೈಯೂ ಏಳುತ್ತಿತ್ತು.

ಫೋಟೊಕ್ಕೆ ಬೇರೆ ಸಾಲು, ದೊಡ್ಡ ಮೊತ್ತದವರಿಗೆ. ನನಗೆ ಅದರ ಗೊಡವೆ ಇರಲಿಲ್ಲ. ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ. ಎರಡು ನಿಮಿಷ ಸಿಕ್ಕಿದ್ದು ಅಡುಗೆಮನೆಯ ಹತ್ತಿರ, ಆಕೆ ನೀರು ಕುಡಿಯಲು ಬಂದಾಗ. “ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿ ಇದೆಯಲ್ಲ, ಅದನ್ನು ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365-65ರಲ್ಲಿ ಪಾಸಾಗಿತ್ತು. ಕಾಯ್ದೆ ಆಗಲಿಲ್ಲ. ಮತ್ತೆ ತಂದರೆ ನೀವು ಯಾವ ಕಡೆ?” ‘ವಲಸೆ ನೀತಿ ಸುಧಾರಿಸಬೇಕು’ ಎಂಬ ಸಿದ್ಧ ಉತ್ತರ ಶುರುವಾದದ್ದು ಅರ್ಧಕ್ಕೆ ನಿಂತಿತು. “ಆ ಅಂಕಿ ನನಗೆ ಗೊತ್ತಿರಲಿಲ್ಲ” ಎಂದು ಒಪ್ಪಿಕೊಂಡು ಸಹಾಯಕಿಯ ಹತ್ತಿರ ಬರೆದುಕೊಳ್ಳಲು ಹೇಳಿದರು. ಬಾಗಿಲಲ್ಲಿ ಚೀಟಿ ಅಂಟಿಸುತ್ತಿದ್ದವನನ್ನು ತೋರಿಸಿ, ಆ ಮಿತಿಯಿಂದಾಗಿ ಗ್ರೀನ್ ಕಾರ್ಡಿಗೆ ಸಾಲು ನಿಂತವನು ಅವನೇ ಅಂದೆ. ಹೋಗುವಾಗ ಆಕೆ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಅವನ ಹತ್ತಿರ ಐದು ನಿಮಿಷ ಮಾತಾಡಿದರು. ನನ್ನ 50 ಡಾಲರಿನ ಹುಟ್ಟುವಳಿ ಅಂದರೆ ಅದೇ.

ಅದರ ಜೊತೆಗೆ ಬಂದದ್ದು ಮೆಸೇಜುಗಳ ಮಳೆ. ನಾನು ಹೆಸರೇ ಕೇಳದ ರಾಜ್ಯಗಳ ಅಭ್ಯರ್ಥಿಗಳೂ “ಇವತ್ತು ರಾತ್ರಿಯೇ ಕೊನೆ” ಎಂದು ದಿನಾ ಗೋಗರೆಯುತ್ತಾರೆ. ‘ಸ್ಟಾಪ್’ ಎಂದು ಉತ್ತರಿಸಿದರೆ ಒಬ್ಬರು ನಿಲ್ಲುತ್ತಾರೆ, ಇಬ್ಬರು ಹುಟ್ಟುತ್ತಾರೆ. ಇಂಥ ಕೂಟಕ್ಕೆ ಹೋಗುವವರು ಬೇರೆಯೇ ಒಂದು ಇಮೇಲ್ ಇಟ್ಟುಕೊಳ್ಳುವುದು ಒಳ್ಳೆಯದು.

ಆ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

“ನೋಟು ಕೊಟ್ಟಾತು. ಓಟು?”

“ಇಲ್ಲಪ್ಪ, ಇನ್ನೂ ಸಿಟಿಜನ್ ಆಗಿಲ್ಲ.”

“ಹಂಗಾರೆ ಅಜ್ಜ ಕೊಟ್ಟಿದ್ದರ ಅರ್ಧ ಕೊಟ್ಟಂಗಾತು” ಅಂದು, ಅಡಕೆ ಕೊಯ್ಲಿನ ಸುದ್ದಿಗೆ ಹೊರಳಿದ.