ಗಣಿತದ ಕ್ಲಾಸಿಗೆ ಒಂದೇ ಹಾಳೆಯ ನಿಯಮ

ಪಾಠ ಮಾಡಲು ಶುರು ಮಾಡಿದ ವರ್ಷ ನಾನೊಂದು ನಿಯಮ ತಂದಿದ್ದೆ. ಬೆಲ್ ಆಗಿ ಐದು ನಿಮಿಷಕ್ಕೆ ಬಾಗಿಲು ಹಾಕಿ ಚಿಲಕ. ಮೂರನೇ ವಾರ ನೋಡಿದರೆ ಕಿಟಕಿಯ ಹೊರಗೆ ಒಬ್ಬಳು ನಿಂತುಕೊಂಡೇ ನೋಟ್ಸ್ ಬರೆಯುತ್ತಿದ್ದಳು. ಜಗಳೂರು ಕಡೆಯ ಹುಡುಗಿ. ‘ಬಸ್ ಲೇಟಾತು ಮೇಡಂ, ಅದಕ್ಕೇ ಇಲ್ಲೇ ನಿಂತೆ’ ಅಂದಳು. ಅವಳ ಪುಸ್ತಕ ತೆಗೆದು ನೋಡಿದೆ. ಅಲ್ಲಿಂದ ಬೋರ್ಡಿನ ಬಲಭಾಗ ಕಾಣುತ್ತಿರಲಿಲ್ಲ. ಹಾಗಾಗಿ ಒಂದೊಂದು ಸಮೀಕರಣವೂ ಅರ್ಧಕ್ಕೇ ನಿಂತಿತ್ತು.

ಈ ಚಿಲಕದಿಂದ ಗಣಿತಕ್ಕೆ ಏನು ಲಾಭವಾಯಿತು ಅಂತ ಅವತ್ತು ಕೇಳಿಕೊಂಡೆ. ಉತ್ತರ ಸಿಗಲಿಲ್ಲ. ಅಂದಿನಿಂದ ಒಂದು ಅಳತೆ ಇಟ್ಟುಕೊಂಡಿದ್ದೇನೆ. ಗಣಿತ ಕಲಿಯಲು ಇದು ಯಾಕೆ ಬೇಕು ಅಂತ ಒಂದು ಸಾಲಿನಲ್ಲಿ ಹೇಳಲು ಬರದ ನಿಯಮವನ್ನು ಹಾಕುವುದೇ ಇಲ್ಲ.

ಈಗ ಪ್ರತಿ ಸೆಮಿಸ್ಟರಿನ ಮೊದಲ ದಿನ ಒಂದು ಹಾಳೆ ಹಂಚುತ್ತೇನೆ. ನಾನು ಏನು ಕೇಳುತ್ತೇನೆ, ನೀವು ಏನು ಕೇಳಬಹುದು, ಎಲ್ಲ ಅದರಲ್ಲಿರುತ್ತದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಡಿಗ್ರಿ ಕಾಲೇಜುಗಳಿಗೆ ಈ ವರ್ಷ ಹೊಸದಾಗಿ ಬಂದಿರುವ ಅತಿಥಿ ಉಪನ್ಯಾಸಕರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳು ಓದಿದರೂ ನಷ್ಟವಿಲ್ಲ. ನಿಮ್ಮ ಮೇಷ್ಟ್ರು ಹಾಳೆ ಕೊಡದಿದ್ದರೆ ಇದನ್ನು ಮುಂದಿಟ್ಟುಕೊಂಡು ಕೇಳಬಹುದು.

ಮೊದಲು: ನಿಮ್ಮ ಕೈಲಿರುವುದು ಯಾವುದು?

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ವಿಶ್ವವಿದ್ಯಾಲಯದ ನಿಯಮ, ಬಲಕ್ಕೆ ನಿಮ್ಮದು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಶುರುವಾದಾಗಿನಿಂದ ಎರಡೂ ಜಿಲ್ಲೆಯವರಿಗೆ ಸುತ್ತೋಲೆ ಬರುವುದು ಅದರ ಕ್ಯಾಂಪಸ್ ಶಿವಗಂಗೋತ್ರಿಯಿಂದ. ಪಠ್ಯಕ್ರಮ, ಹಾಜರಾತಿ, ಇಂಟರ್ನಲ್ ಅಂಕಗಳ ಹಂಚಿಕೆ, ಇವು ಎಡಗಡೆಗೆ ಸೇರಿದವು. ಇವುಗಳಲ್ಲಿ ನೀವು ರಿಯಾಯಿತಿ ಕೊಡುವಂತಿಲ್ಲ, ಕೊಡುತ್ತೇನೆಂದು ಮಾತೂ ಕೊಡಬೇಡಿ. ಹೋಂವರ್ಕ್, ಮೊಬೈಲ್, ತಡವಾಗಿ ಬರುವುದು, ಡೌಟ್ ಕೇಳುವ ಹೊತ್ತು, ಇವು ನಿಮ್ಮವು.

ಹಳೇ ಹಾಳೆಯನ್ನು ಜೆರಾಕ್ಸ್ ಮಾಡಿ ಹಂಚುವ ಆಸೆಯಾಗುತ್ತದೆ. ಬೇಡ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಕ್ಲಾಸಿನಲ್ಲಿ ಹಳೇ ಬ್ಯಾಚಿನ ಒಬ್ಬ ರಿಪೀಟರ್ ಕೂತಿದ್ದರೂ ಅವನ ಅಂಕದ ಲೆಕ್ಕ ಬೇರೆಯಾಗಬಹುದು. ಪರೀಕ್ಷಾ ವಿಭಾಗದಲ್ಲಿ ಒಮ್ಮೆ ಕೇಳಿ ಬರೆಯಿರಿ.

ಆಮೇಲೆ: ಗಂಟೆ ಎಣಿಸಿ

ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ. ನಾಲ್ಕು ಕ್ರೆಡಿಟ್ ಪೇಪರಿಗೆ 60 ಗಂಟೆ. ಇದು ಕಾಗದದ ಲೆಕ್ಕ. ಕ್ಯಾಲೆಂಡರ್ ತೆಗೆದುಕೊಂಡು ಕೂತರೆ ನಿಜ ಗೊತ್ತಾಗುತ್ತದೆ. ದಸರಾ, ದೀಪಾವಳಿ, ಇಂಟರ್ನಲ್ ಟೆಸ್ಟಿನ ವಾರ, ಸ್ಪೋರ್ಟ್ಸ್ ಡೇ. ಸಮ ಸೆಮಿಸ್ಟರ್ ಆದರೆ ನಾಯಕನಹಟ್ಟಿ ಜಾತ್ರೆ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ದುಗ್ಗಮ್ಮನ ಜಾತ್ರೆಯ ವಾರ ದಾವಣಗೆರೆಯಲ್ಲಿ ಹೊಸ ಪಾಠ ಶುರು ಮಾಡುವವರು ಊರಿಗೆ ಹೊಸಬರೇ ಇರಬೇಕು! ಎಲ್ಲ ಕಳೆದು 52 ಗಂಟೆ ಉಳಿದರೆ ಅದೃಷ್ಟ.

ಆ ಸಂಖ್ಯೆಯನ್ನು ಹಾಳೆಯಲ್ಲಿ ಹಾಕಿ. ಯಾಕೆಂದರೆ ಹುಡುಗರು ಹಾಜರಾತಿಯನ್ನು ರಜೆಯ ಭಾಷೆಯಲ್ಲಿ ಓದುತ್ತಾರೆ. ಶೇ 75 ಬೇಕು ಅಂದರೆ 60ರಲ್ಲಿ 15 ಕ್ಲಾಸ್ ತಪ್ಪಿಸಬಹುದು ಅಂತ ಅವರ ಲೆಕ್ಕ. ನಡೆದದ್ದೇ 52 ಆದರೆ 39ಕ್ಕೆ ಬರಲೇಬೇಕು, ಉಳಿಯುವುದು 13. ಈ ಎರಡು ದಿನದ ವ್ಯತ್ಯಾಸದಲ್ಲಿ ಪ್ರತಿ ವರ್ಷ ಯಾರಾದರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಸಂಖ್ಯೆಗಿಂತ ಮುಖ್ಯವಾದದ್ದು ಯಾವ 13 ಅನ್ನುವುದು. ಬೇರೆ ಬೇರೆ ವಾರ ಒಂದೊಂದು ತಪ್ಪಿದರೆ ಗೆಳೆಯರ ನೋಟ್ಸ್ ನೋಡಿ ಸರಿಮಾಡಿಕೊಳ್ಳಬಹುದು. ಒಟ್ಟಿಗೆ ಒಂದು ವಾರ ತಪ್ಪಿದರೆ ಕಷ್ಟ. ಲಿಮಿಟ್ ಗೊತ್ತಿಲ್ಲದೆ ಕಂಟಿನ್ಯುಟಿ ಅರ್ಥವಾಗುವುದಿಲ್ಲ. ಅದು ಬಾರದೆ ರೋಲನ ಪ್ರಮೇಯ ಇಲ್ಲ, ರೋಲ್ ಇಲ್ಲದೆ ಮೀನ್ ವ್ಯಾಲ್ಯೂ ಥಿಯರಂ ಇಲ್ಲ. ದುರ್ಗದ ಕೋಟೆಯ ಹಾಗೆ ಇದು, ಸುತ್ತಿನೊಳಗೆ ಸುತ್ತು. ಕಿಂಡಿಯಲ್ಲಿ ನುಸುಳಿ ಒಳಗೆ ಬರುತ್ತೇನೆ ಅನ್ನುವವರಿಗೆ ಏನಾಗುತ್ತದೆ ಅಂತ ಓಬವ್ವನ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ತಡವಾಗಿ ಬಂದವರಿಗೆ ನನ್ನ ಈಗಿನ ನಿಯಮ ಇಷ್ಟೇ: ಸುಮ್ನೆ ಹಿಂದಿನ ಬಾಗಿಲಿಂದ ಬನ್ನಿ, ಹಿಂದಿನ ಬೆಂಚಿನಲ್ಲಿ ಕೂರಿ, ‘ಮೇ ಐ ಕಮಿನ್’ ಬೇಡ. ಅರ್ಧ ಹೇಳಿದ ಪ್ರೂಫನ್ನು ನಿಲ್ಲಿಸಿದರೆ ಇಡೀ ಕ್ಲಾಸಿನ ಎಳೆ ತಪ್ಪುತ್ತದೆ.

ಹೋಂವರ್ಕ್: ಇಲ್ಲಿ ಸ್ವಲ್ಪ ಜಾಸ್ತಿ ಯೋಚಿಸಿ

ವಾರಕ್ಕೆ ಐದು ಲೆಕ್ಕ ಸಾಕು. ಸೋಮವಾರ ಕೊಟ್ಟು ಶುಕ್ರವಾರ ಪಡೆಯುತ್ತೇನೆ. ನಾಲ್ಕು ಮಾಮೂಲಿ, ಒಂದು ಮಾತ್ರ ಬಾಯಿಪಾಠದಿಂದ ಆಗದ್ದು. ಉದಾಹರಣೆಗೆ ಗ್ರೂಪ್ ಥಿಯರಿಯ ಲಾಗ್ರಾಂಜನ ಪ್ರಮೇಯವನ್ನು ಎಲ್ಲರೂ ಗಟ್ಟಿ ಮಾಡಿರುತ್ತಾರೆ: ಸಬ್‌ಗ್ರೂಪಿನ, ಅಂದರೆ ಗ್ರೂಪಿನೊಳಗಿನ ಚಿಕ್ಕ ಗ್ರೂಪಿನ, ಅಂಶಗಳ ಸಂಖ್ಯೆಯಿಂದ ಇಡೀ ಗ್ರೂಪಿನ ಸಂಖ್ಯೆ ಶೇಷವಿಲ್ಲದೆ ಭಾಗವಾಗಬೇಕು. 12 ಅಂಶಗಳ ಗ್ರೂಪಿನೊಳಗೆ 5 ಅಂಶಗಳ ಸಬ್‌ಗ್ರೂಪ್ ಇರಲಾರದು, ಯಾಕೆಂದರೆ 5ರಿಂದ 12 ಭಾಗವಾಗುವುದಿಲ್ಲ. ಸರಿ. ಹಾಗಾದರೆ 6ರಿಂದ ಭಾಗವಾಗುತ್ತದಲ್ಲ, 6 ಅಂಶಗಳ ಸಬ್‌ಗ್ರೂಪ್ ಇರಲೇಬೇಕಾ? ಹತ್ತರಲ್ಲಿ ಒಂಬತ್ತು ಜನ ಹೌದು ಅನ್ನುತ್ತಾರೆ. ಅಲ್ಲ. ನಾಲ್ಕು ವಸ್ತುಗಳನ್ನು ಜಾಗ ಬದಲಿಸಿ ಇಡುವ 24 ರೀತಿಗಳಲ್ಲಿ ಸರಿಯಾಗಿ ಅರ್ಧ, ಅಂದರೆ 12, ‘ಈವನ್’ ಜಾತಿಯವು (ಎರಡೆರಡು ವಸ್ತುಗಳನ್ನು ಸಮಸಂಖ್ಯೆಯ ಸಲ ಅದಲುಬದಲು ಮಾಡಿದರೆ ಸಿಗುವವು). ಆ 12ರ ಗ್ರೂಪಿನಲ್ಲಿ 6ರ ಸಬ್‌ಗ್ರೂಪ್ ಇಲ್ಲವೇ ಇಲ್ಲ. ಇದನ್ನು ಹುಡುಕಲು ಹುಡುಗರು ಮೂರು ದಿನ ಒದ್ದಾಡುತ್ತಾರೆ. ಆ ಮೂರು ದಿನವೇ ನನಗೆ ಬೇಕಾದ ಹೋಂವರ್ಕ್.

ಕಾಪಿ ವಿಷಯ. ಒಮ್ಮೆ ಒಬ್ಬನ 7 ನೋಡಲು 1ರ ಹಾಗಿತ್ತು. ಆ ವಾರ ಒಂಬತ್ತು ಪುಸ್ತಕಗಳಲ್ಲಿ 1 ಬಂದಿತ್ತು! ಬೈಯುವುದು ಸುಲಭ. ಆದರೆ ಜೊತೆಯಲ್ಲಿ ಕೂತು ಲೆಕ್ಕ ಮಾಡುವುದು ತಪ್ಪಲ್ಲ, ಗಣಿತಜ್ಞರೂ ಹಾಗೇ ಮಾಡುತ್ತಾರೆ. ಅದಕ್ಕೇ ನನ್ನ ಹಾಳೆಯಲ್ಲಿ ಹೀಗೆ ಬರೆಯುತ್ತೇನೆ: ಕ್ಯಾಂಟೀನಿನಲ್ಲಿ ಎಷ್ಟು ಬೇಕಾದರೂ ಚರ್ಚೆ ಮಾಡಿ. ಬರೆಯುವಾಗ ಎಲ್ಲರ ಪುಸ್ತಕ ಮುಚ್ಚಿರಲಿ. ಯಾರ ಜೊತೆ ಮಾಡಿದಿರಿ ಅಂತ ಮೇಲೆ ಹೆಸರು ಹಾಕಿ. ನಾನು ಯಾವಾಗ ಬೇಕಾದರೂ ಎರಡನೇ ಸಾಲಿನಿಂದ ಮೂರನೇ ಸಾಲಿಗೆ ಹೇಗೆ ಬಂದಿರಿ ಅಂತ ಬೋರ್ಡಿನ ಹತ್ತಿರ ಕರೆದು ಕೇಳಬಹುದು. ಹೇಳಲು ಬಂದರೆ ಅದು ನಿಮ್ಮದೇ ಲೆಕ್ಕ.

ತಡವಾದರೆ? ಸೆಮಿಸ್ಟರಿಗೆ ಎರಡು ಸಲ, ಒಂದು ವಾರದವರೆಗೆ, ಕಾರಣ ಕೇಳದೆ ತೆಗೆದುಕೊಳ್ಳುತ್ತೇನೆ. ಹುಡುಗರು ಇದಕ್ಕೆ ‘ಮನ್ನಾ’ ಅಂತ ಹೆಸರಿಟ್ಟಿದ್ದಾರೆ. ಅಕ್ಟೋಬರ್, ನವೆಂಬರಿನಲ್ಲಿ ಮೆಕ್ಕೆಜೋಳ ಮುರಿಯುವ ಕೆಲಸ, ಚನ್ನಗಿರಿ ಕಡೆಯವರಿಗೆ ಅಡಿಕೆ ಸುಲಿಯುವ ಕೆಲಸ. ಮನೆಯವರು ಕರೆದರೆ ಹೋಗದೆ ಇರಲಾಗುವುದಿಲ್ಲ. ಕಾರಣ ಕೇಳಿದರೆ ಸುಳ್ಳು ಹೇಳಿಸಿದ ಹಾಗೆ. ಮೂರನೇ ಸಲಕ್ಕೆ ಮಾತ್ರ ಅಂಕ ಇಲ್ಲ, ಆದರೆ ತಿದ್ದಿ ಕೊಡುತ್ತೇನೆ.

ಮೊಬೈಲ್ ಮತ್ತು ಎಐ

ಪೂರ್ತಿ ನಿಷೇಧ ಮಾಡಿ ನೋಡಿದೆ, ಬೆಂಚಿನ ಕೆಳಗೆ ಹೋಯಿತು. ಈಗ ನಿಷೇಧದ ಬದಲು ಮೊದಲ ವಾರವೇ ಒಂದು ಪಂದ್ಯ ಕಟ್ಟುತ್ತೇನೆ. 1, ಅದಕ್ಕೆ 1/2, ಆಮೇಲೆ 1/3, 1/4, ಹೀಗೆ ಕೂಡುತ್ತಾ ಹೋದರೆ ಮೊತ್ತ ಎಲ್ಲಾದರೂ ನಿಲ್ಲುತ್ತದಾ? ಮೊಬೈಲ್ ತೆಗೆಯಿರಿ, ಕೂಡಿ. 100 ಪದಕ್ಕೆ ಸುಮಾರು 5.19. ಸಾವಿರಕ್ಕೆ 7.49. ಸ್ವಲ್ಪ ಕೋಡಿಂಗ್ ಗೊತ್ತಿರುವವನು 10 ಲಕ್ಷ ಪದ ಕೂಡಿಸಿ 14.39 ಅನ್ನುತ್ತಾನೆ. ‘ಹದಿನೈದು ದಾಟಲ್ಲ ಬಿಡಿ ಮೇಡಂ.’

ಆಗ ಚಾಕ್ ತೆಗೆದುಕೊಳ್ಳುತ್ತೇನೆ. 1/3 ಮತ್ತು 1/4 ಕೂಡಿದರೆ ಅರ್ಧಕ್ಕಿಂತ ಜಾಸ್ತಿ, ಯಾಕೆಂದರೆ ಎರಡು ಕಾಲು ಸೇರಿದರೇ ಅರ್ಧ. 1/5ರಿಂದ 1/8ರವರೆಗೆ ನಾಲ್ಕು ಪದ, ಅದೂ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟು ಪದ, ಮತ್ತೆ ಅರ್ಧ. ಅರ್ಧ ಅರ್ಧ ಸೇರುತ್ತಲೇ ಇದ್ದರೆ ಹದಿನೈದೇನು, ಹದಿನೈದು ಕೋಟಿಯನ್ನೂ ದಾಟುತ್ತದೆ. 14ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಒರೆಮ್ ಕೊಟ್ಟ ವಾದ ಇದು. ಕ್ಲಾಸಿನಲ್ಲಿ ಮೊಬೈಲ್ ಯಾಕೆ ಚೀಲದಲ್ಲಿರಬೇಕು ಅಂತ ಆಮೇಲೆ ಭಾಷಣ ಬೇಕಾಗುವುದಿಲ್ಲ.

ಮನೆಯಲ್ಲಿ ಎಐ ಬಳಸುವವರಿಗೆ ಹಾಳೆಯಲ್ಲಿ ಎರಡು ಸಾಲು: ಉತ್ತರ ಸರಿಯಿದೆಯಾ ಅಂತ ನೋಡಲು ಬಳಸಿ. ಬರೆಸಲು ಬೇಡ, ಯಾಕೆಂದರೆ ಪರೀಕ್ಷೆಯಲ್ಲಿ ಮೂರು ಗಂಟೆ ನೀವೊಬ್ಬರೇ. ಅದು ತಪ್ಪು ಪ್ರೂಫನ್ನೂ ತುಂಬಾ ಧೈರ್ಯವಾಗಿ ಬರೆಯುತ್ತದೆ ಅನ್ನುವುದು ನನ್ನ ಅನುಭವ. ನಮ್ಮ ಹಿಂದಿನ ಬೆಂಚಿನವರ ಹಾಗೇ.

ಅಂಕ ಕೊಡುವುದು

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು: ‘ಮಾಡಿದಷ್ಟು ನೀಡು ಭಿಕ್ಷೆ.’ ಸ್ಟೆಪ್ ಮಾರ್ಕ್ಸ್ ಅಂದರೆ ಇದೇ. ಉತ್ತರ ತಪ್ಪಾದರೂ ಮಾಡಿದಷ್ಟಕ್ಕೆ ಅಂಕ. ಬರೀ ಉತ್ತರ ಬರೆದವರಿಗೆ, ಅದು ಸರಿಯಿದ್ದರೂ, ಪೂರ್ತಿ ಇಲ್ಲ. ತಿದ್ದಿದ ಒಂದು ಉತ್ತರ ಪತ್ರಿಕೆಯನ್ನು ಹೆಸರು ಮುಚ್ಚಿ ಮೊದಲ ವಾರವೇ ತೋರಿಸಿ. ಐದು ಅಂಕದಲ್ಲಿ ಎಲ್ಲಿ ಎಷ್ಟು ಹೋಯಿತು ಅಂತ ಕಣ್ಣಾರೆ ಕಂಡರೆ ‘ಒಂದು ಮಾರ್ಕ್ ಹಾಕಿ ಮೇಡಂ’ ಅನ್ನುವ ಸಾಲು ಅರ್ಧ ಕಡಿಮೆಯಾಗುತ್ತದೆ.

ಡೌಟ್, ಮತ್ತು ಕನ್ನಡ

ಸ್ಟಾಫ್ ರೂಮಿಗೆ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಅಲ್ಲಿ ಆರು ಜನ ಮೇಷ್ಟ್ರು ಕೂತಿರುತ್ತಾರೆ, ಅವರೆದುರು ತನಗೆ ಗೊತ್ತಿಲ್ಲ ಅಂತ ಯಾರು ಹೇಳುತ್ತಾರೆ? ಗುರುವಾರ ಮೂರರಿಂದ ನಾಲ್ಕರವರೆಗೆ ಕ್ಲಾಸ್ ರೂಮಿನಲ್ಲೇ ಕೂರುತ್ತೇನೆ. ಯಾರೂ ಬರದಿದ್ದರೆ ಪೇಪರ್ ತಿದ್ದುತ್ತೇನೆ.

ಪ್ರಶ್ನೆ ಕನ್ನಡದಲ್ಲಿ ಕೇಳಬಹುದು ಅಂತ ಹಾಳೆಯಲ್ಲಿ ಬರೆದೇ ಇಡಿ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ಗಣಿತ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಅಭಾಗಲಬ್ಧ ಅಂದರೆ ಇರ‍್ರ್ಯಾಷನಲ್, ಗಣ ಅಂದರೆ ಸೆಟ್, ಬಹುಪದೋಕ್ತಿ ಅಂದರೆ ಪಾಲಿನಾಮಿಯಲ್, ಅವಿಭಾಜ್ಯ ಅಂದರೆ ಪ್ರೈಮ್. ಇಂಥ ಮೂವತ್ತು ಪದಗಳ ಪಟ್ಟಿ ಜೊತೆಗೆ ಕೊಟ್ಟರೆ ಮೊದಲ ತಿಂಗಳು ಬಾಯಿ ಬಿಡದವರೂ ಬಿಡುತ್ತಾರೆ.

ಹಾಳೆಯ ಹಿಂಬದಿ

ಅದನ್ನು ಖಾಲಿ ಬಿಡಿ. ನಿಮ್ಮಿಂದ ಅವರಿಗೆ ಏನು ಬೇಕು ಅಂತ ಹೆಸರಿಲ್ಲದೆ ಬರೆದು, ಹರಿದು ವಾಪಸ್ ಕೊಡಲಿ. ಹತ್ತು ನಿಮಿಷ ಸಾಕು. ತಮಾಷೆಗೆ ಬರೆಯುವವರು ಇದ್ದೇ ಇರುತ್ತಾರೆ (‘ಊಟ ಆದಮೇಲಿನ ಕ್ಲಾಸ್ ತೆಗೀರಿ, ಮಿರ್ಚಿ ಮಂಡಕ್ಕಿ ತಿಂದು ನಿದ್ದೆ ಬರುತ್ತೆ’). ಆದರೆ ಪ್ರತಿ ಸಲ, ಬೇರೆ ಬೇರೆ ಕೈಬರಹದಲ್ಲಿ, ಒಂದು ಸಾಲು ಬರುತ್ತದೆ: ‘ಬೋರ್ಡ್ ಬೇಗ ಒರೆಸಬೇಡಿ.’

ಅದನ್ನೂ ಬಲಗಡೆ ಸೇರಿಸಿದ್ದೇನೆ, ಮೇಡಂ ಪಾಲಿಸಬೇಕಾದ ನಿಯಮ ಅಂತ. ಬೋರ್ಡನ್ನು ಎರಡು ಭಾಗ ಮಾಡಿಕೊಂಡು, ಒಂದು ಕಡೆ ತುಂಬಿದ ಮೇಲೆ ಹಿಂದಿನ ಬೆಂಚಿನವರನ್ನು ಕೇಳುತ್ತೇನೆ. ಅವರು ‘ಆತು ಮೇಡಂ’ ಅಂದ ಮೇಲೇ ಡಸ್ಟರ್.